ಅಸಿಂಧು

ಆ ಊರಿನ ಹೆಸರಿಗೆ ಅವರ ಮಾತಿನಲ್ಲಿ ದೋಣಿ ಎಂದೇ ಅರ್ಥ.
ವುಚ್. ಲಾಂಛನದಲ್ಲೂ ದೋಣಿ, ಹುಟ್ಟು ಸಮೇತ.
ನೀರು ಮಾತ್ರ ಕಾಣುವುದಿಲ್ಲ.
ಇದ್ದ ಹೊಳೆಗಳನ್ನು ಬಟ್ಟೆ ಗಿರಣಿಯವರ ಕಾಲದಲ್ಲೇ
ನೆಲದಡಿಯ ಕೊಳವೆಗೆ ಇಳಿಸಿ, ಮೇಲೆ ಟ್ರಾಮು ಓಡಿಸಿದರು.

ಅಲ್ಲಿ, ನಾಲ್ಕನೇ ಮಹಡಿಯಲ್ಲಿ, ನಲವತ್ತೆಂಟು ಚದರ ಮೀಟರು:
ಇವೋನಾ, ರಾದೋಸ್ವಾಫ್,
ಮತ್ತು ಸ್ವಿಟ್ಜರ್ಲೆಂಡಿನ ಒಂದು ನಾಣ್ಯ.
ಸಂಬಳ ಝ್ವೋತಿಯಲ್ಲಿ, ಸಾಲ ಫ್ರಾಂಕಿನಲ್ಲಿ.
ಫ್ರಾಂಕ್ ಅಂದರೆ ಬಂಡೆ, ಅಲ್ಲಾಡುವುದಿಲ್ಲ
ಎಂದಿದ್ದಳಂತೆ ಬ್ಯಾಂಕಿನ ಹುಡುಗಿ, ಚಾಕಲೇಟು ಕೊಟ್ಟು.
ಬೆಳೆಯುವುದಿಲ್ಲ ಎಂದೇನೂ ಹೇಳಿರಲಿಲ್ಲ.

ಫ್ರಿಜ್ಜಿನ ಪಕ್ಕ ಮೊಳೆಗೆ ನೇತುಬಿದ್ದ ನೋಟುಬುಕ್ಕು,
ದಾರ ಕಟ್ಟಿದ ಪೆನ್ಸಿಲು.
ಬೆಳಗಿನ ದರ ಬರೆಯುವುದು ಅವಳ ಕೆಲಸ,
ಹಲ್ಲುಜ್ಜುತ್ತ ಕೇಳುವುದು ಅವನದು: ಇವತ್ತು ಎಷ್ಟು?
ಎರಡು ಚಿಲ್ಲರೆ, ಕಯೇತಾನ್ ಇನ್ನೂ ಹೊಟ್ಟೆಯಲ್ಲಿ.
ಮೂರೂವರೆ, ಅತ್ತೆಯ ಶವಪೆಟ್ಟಿಗೆಗೆ ಮುಂಗಡ.
ನಾಲ್ಕು ದಾಟಿತು, ಜ್ವರ ಮೂವತ್ತೊಂಬತ್ತು ದಾಟಿತು,
ಯಾವುದು ಯಾವುದರ ಅಂಕಿಯೋ ಈಗ ಹೇಳಲಾಗದು.

ಮೊದಲ ತೀರ್ಪು ಆರು ವರ್ಷದ ಕೆಳಗೆ.
ಮದುವೆ ಬಿಡಿಸಿದ ನ್ಯಾಯಾಧೀಶರಿಗೆ ಮನೆ ಬಿಡಿಸಲಾಗಲಿಲ್ಲ;
ಮಾರಿದರೂ ತೀರದ ಸಾಲಕ್ಕೆ ಇಬ್ಬರ ಸಹಿ.
ಹಾಗಾಗಿ ಬರೆದರು: ದೊಡ್ಡ ಕೋಣೆ ಆಕೆಗೆ, ಮಗನಿಗೆ.
ಚಿಕ್ಕದು ಈತನಿಗೆ. ಅಡುಗೆಮನೆ, ಬಚ್ಚಲು, ಹಜಾರ ಇಬ್ಬರಿಗೂ.
ಫ್ರಿಜ್ಜಿನ ವಿಷಯದಲ್ಲಿ ತೀರ್ಪು ಮೌನ.
ಮೇಲಿನ ಹಲಗೆ ಅಮ್ಮನದು, ಕೆಳಗಿನದು ಅಪ್ಪನದು ಎಂದು
ಮಗನೇ ಇತ್ಯರ್ಥ ಮಾಡಿದ, ಹತ್ತು ವರ್ಷದವನು,
ಮೊಟ್ಟೆ ಇಡುವ ಬಾಗಿಲನ್ನು ತಾನಿಟ್ಟುಕೊಂಡು.

ಹೋದ ಮಂಗಳವಾರ ಎರಡನೆಯದು. ಒಂಬತ್ತು ನಿಮಿಷ.
ಬ್ಯಾಂಕಿನ ವಕೀಲ ಕೊಡೆ ಮರೆತು ಹೋದ.
ಕರಾರು ಮೊದಲ ದಿನದಿಂದಲೇ ಇರಲಿಲ್ಲ, ಎಂದಿತು ಕೋರ್ಟು.
ಮುರಿದದ್ದಲ್ಲ, ಮುಗಿದದ್ದಲ್ಲ. ಇರಲೇ ಇಲ್ಲ.
ನಮ್ಮ ಕಚೇರಿಗಳಲ್ಲಿ ಇದಕ್ಕೆ ಅಸಿಂಧು ಎನ್ನುತ್ತಾರೆ.
ಒಡೆದು ಓದಿದರೆ, ನದಿ ಇಲ್ಲದ್ದು.
ಹದಿನೇಳು ವರ್ಷ ಹುಟ್ಟು ಹಾಕಿದವರಿಗೆ
ದಡದಿಂದ ಯಾರೋ ಕೂಗಿ ಹೇಳಿದ ಹಾಗೆ:
ಅದು ನೆಲ ಕಣ್ರೀ, ಇಳಿದು ನಡೀರಿ.

ಗೆದ್ದವ ಸೋತ, ಸೋತವ ಸತ್ತ ಎಂಬುದು ನಮ್ಮ ಗಾದೆ.
ಇಲ್ಲಿ ಸೋತದ್ದು ಬ್ಯಾಂಕು; ಅದಕ್ಕೆ ಸಾವಿಲ್ಲ.
ಗೆದ್ದವರು ಮೆಟ್ಟಿಲ ಮೇಲೆ ನಿಂತು
ಕೈ ಕುಲುಕಬೇಕೋ ಬೇಡವೋ ತಿಳಿಯದೆ
ಕೋಟಿನ ಗುಂಡಿ ಹಾಕಿಕೊಂಡರು.
ಕಟ್ಟಿದ್ದು ಪಡೆದದ್ದಕ್ಕಿಂತ ಹೆಚ್ಚಾಗಿತ್ತಂತೆ,
ಮಿಕ್ಕ ಹಣ ವಾಪಸು ಬರುತ್ತದೆ, ಸಮಪಾಲು.
ಮನೆ ಮಾರಬಹುದು. ಎರಡು ಬಾಗಿಲು, ಎರಡು ಬೀಗದ ಕೈ,
ಎರಡು ಫ್ರಿಜ್ಜು, ಎರಡೂ ಅರ್ಧ ಖಾಲಿ.

ಟ್ರಾಮಿನಲ್ಲಿ ಇವೋನಾ ಕೇಳಿದಳು:
ಅದು ಇರಲೇ ಇಲ್ಲದ್ದು, ನಮ್ಮದು ಮುಗಿದದ್ದು.
ವ್ಯತ್ಯಾಸ ಇದೆಯಲ್ಲ?
ಇದೆ, ಎಂದ ಅವನು. ನಮ್ಮದಕ್ಕೆ ಸಾಕ್ಷಿ ಇದ್ದಾನೆ.
ಮುಂದಿನ ಸೀಟಿನಲ್ಲಿ ಸಾಕ್ಷಿ, ಉದ್ದ ಕಾಲು ಚಾಚಿ,
ಕಿವಿಗೆ ಹೆಡ್‌ಫೋನು ಏರಿಸಿ,
ಏನನ್ನೂ ಕೇಳಿಸಿಕೊಳ್ಳದವನಂತೆ ಕೂತಿದ್ದ.

ವಕೀಲರಿಂದ ನೋಟುಬುಕ್ಕು ಹಿಂದಿರುಗಿತು,
ರಟ್ಟಿನ ಮೇಲೆ ದಾಖಲೆ ನಂಬರಿನ ಮೊಹರು.
ಅವಳು ಅದನ್ನು ಚಮಚಗಳ ಡ್ರಾಯರಿಗೆ ತುರುಕಿದಳು.
ಮೊಳೆ ಗೋಡೆಯಲ್ಲೇ ಉಳಿಯಿತು.

ಗುರುವಾರ ಬಚ್ಚಲಿಂದ, ಬಾಯ್ತುಂಬ ನೊರೆ:
ಇವತ್ತು ಎಷ್ಟು?
ಅವಳು ನೋಡಿರಲಿಲ್ಲ.
ಬ್ರೆಡ್ಡು ಕುಯ್ಯುತ್ತ
ಬಾಯಿಗೆ ಬಂದದ್ದೊಂದು ಅಂಕಿ ಹೇಳಿದಳು.
ಇಳಿದಿದೆ, ಎಂದ.
ಹೂಂ, ಎಂದಳು, ಇಳಿದಿದೆ.